ಎಣ್ಣೆ ಮೇಷ್ಟ್ರು ಹಾಕಿದ ಕಪ್ಪು

ಆರ್ಮರಿಯಲ್ಲಿ ಅವರನ್ನು ಎಲ್ಲರೂ ಎಣ್ಣೆ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಹೊಸದಾಗಿ ಸೇರಿದ ಪೊಲೀಸರು ಈ ಹೆಸರು ಕೇಳಿ ಮೊದಲ ವಾರ ಮುಸಿಮುಸಿ ನಗುವುದು, ಬಾಯಿಯ ವಾಸನೆ ನೋಡಲೆಂದು ಹತ್ತಿರ ಹತ್ತಿರ ನಿಲ್ಲುವುದು ಎಲ್ಲ ನಡೆಯುತ್ತಿತ್ತು. ಪಾಪ, ಮೇಷ್ಟ್ರು ಕುಡಿತದ ಹತ್ತಿರ ಸುಳಿದವರೇ ಅಲ್ಲ. ಅವರದು ಬಂದೂಕಿಗೆ ಹಚ್ಚುವ ಎಣ್ಣೆ. ಇಪ್ಪತ್ತೊಂಬತ್ತು ವರ್ಷ ಅದನ್ನೇ ಹಚ್ಚಿ ಒರೆಸಿ ಅವರ ಉಗುರಿನ ಸಂದಿಗೆ, ಅಂಗಿಯ ತೋಳಿಗೆ, ಊಟದ ಡಬ್ಬಿಯ ಮುಚ್ಚಳಕ್ಕೂ ಆ ವಾಸನೆ ಅಂಟಿಹೋಗಿತ್ತು. ಹೆಂಡತಿ ಅವರ ಬಟ್ಟೆಗೆಂದೇ ಬೇರೆ ಬಕೆಟ್ ಇಟ್ಟಿದ್ದರು. ಪ್ರತಿ ತಂಡದ ಹೊಸಬರಿಗೂ ಆಯುಧ ನೋಡಿಕೊಳ್ಳುವ ಪಾಠ ಮಾಡುತ್ತಿದ್ದರಾದ್ದರಿಂದ ಮೇಷ್ಟ್ರು ಎಂಬುದು ಎಣ್ಣೆಯ ಜೊತೆ ಸೇರಿಕೊಂಡಿತು.

ಆರ್ಮರಿ ಎಂದರೆ ಪೊಲೀಸ್ ಮೈದಾನದ ಮೂಲೆಯಲ್ಲಿದ್ದ, ಬಂದೂಕುಗಳನ್ನಿಡುವ ಒಂದು ಉದ್ದನೆಯ ಕೋಣೆ. ಎರಡು ಬೀಗದ ಕಬ್ಬಿಣದ ಬಾಗಿಲು, ಎತ್ತರದಲ್ಲಿ ಒಂದು ಕಂಬಿ ಕಿಟಕಿ, ಗೋಡೆಯುದ್ದಕ್ಕೂ ನಂಬರು ಬರೆದ ಮರದ ಚೌಕಟ್ಟುಗಳು, ನಡುವೆ ತಗಡು ಹೊದಿಸಿದ ಮೇಜು. ಆ ಮೇಜಿನ ಮೇಲೆ ಯಾರಾದರೂ ರಿವಾಲ್ವರ್ ಇಟ್ಟರೆ ಸಾಕು, ಮೇಷ್ಟ್ರು ಅದರ ಜಾತಕವನ್ನೇ ಹೇಳಿಬಿಡುತ್ತಿದ್ದರು. ನಳಿಗೆಯ ತುದಿಯಲ್ಲಿ ಕಪ್ಪು ಹೋಗಿ ಬೆಳ್ಳಗಿನ ಕಬ್ಬಿಣ ಕಾಣುತ್ತಿದ್ದರೆ ಅದು ದಿನಾ ತೊಗಲಿನ ಚೀಲಕ್ಕೆ ಹೋಗಿ ಬರುವ ರಿವಾಲ್ವರ್. ಒಂದೇ ಮಗ್ಗುಲು ಹೆಚ್ಚು ಸವೆದಿದ್ದರೆ ಯಜಮಾನ ಬೆಲ್ಟನ್ನು ಬಿಗಿಯಾಗಿ ಕಟ್ಟುವವನು. ಹಿಡಿಯ ಹಿಂಬದಿ ಕಂದು ಬಣ್ಣಕ್ಕೆ ತಿರುಗಿದ್ದರೆ ಹೆಚ್ಚು ಬೆವರುವ ಮೈ.

"ಸವೆತ ಬೇರೆ, ತುಕ್ಕು ಬೇರೆ ಕಣ್ರಪ್ಪಾ," ಎಂದು ತರಗತಿಯಲ್ಲಿ ಹೇಳುತ್ತಿದ್ದರು. "ತುಕ್ಕು ಹಿಡಿದಿದ್ರೆ ನೀವು ಸೋಮಾರಿಗಳು, ನಿಮ್ಮ ಕಿವಿ ಹಿಂಡ್ತೀನಿ. ಸವೆದಿದ್ರೆ ಮಾತ್ರ ಏನೂ ಅನ್ನಲ್ಲ. ಗುಂಡು ಹಾರಿಸಿ ಸವೆಯೋದು ಕಮ್ಮಿ, ಹೊತ್ತು ಹೊತ್ತೇ ಸವೆಯೋದು. ಮದುಮಗಳ ಥರ ಮಿಂಚ್ತಾ ಇದ್ರೆ, ಅದು ಮನೆ ಬಿಟ್ಟು ಆಚೆ ಬಂದೇ ಇಲ್ಲ ಅಂತ ತಿಳ್ಕೊಳ್ಳಿ."

ಅವರ ಹೆಂಡತಿಯ ತಮ್ಮನೂ ಅದೇ ಪಡೆಯಲ್ಲಿದ್ದ. ಮಾತು ಕಡಿಮೆ, ಕೆಲಸದಲ್ಲಿ ಗಟ್ಟಿ. ಹನ್ನೆರಡು ವರ್ಷದಿಂದ ದೊಡ್ಡ ಕೋರ್ಟಿನ ಜಡ್ಜ್ ಸಾಹೇಬರಿಗೆ ಗನ್‌ಮ್ಯಾನ್. ಜಡ್ಜ್‌ಗಳು ಬದಲಾಗುತ್ತಿದ್ದರು, ಇವನು ಬದಲಾಗುತ್ತಿರಲಿಲ್ಲ, ಈಗಿನವರು ಮೂರನೆಯವರು. ಗನ್‌ಮ್ಯಾನ್‌ಗಳ ರಿವಾಲ್ವರ್ ಅವರವರ ಬಳಿಯೇ ಇರುತ್ತದೆ, ತಿಂಗಳಿಗೊಮ್ಮೆ ಎಣ್ಣೆ ಕಾಣಿಸಲು ಆರ್ಮರಿಗೆ ಬರುತ್ತದೆ. ಬಾಮೈದನ ರಿವಾಲ್ವರ್ ಬಂದ ದಿನ ಮೇಷ್ಟ್ರು ಸ್ವಲ್ಪ ಹೊತ್ತು ಅದನ್ನು ಸುಮ್ಮನೆ ಕೈಯಲ್ಲಿ ಹಿಡಿದುಕೊಂಡಿರುತ್ತಿದ್ದರು. ನಳಿಗೆಯ ಅರ್ಧದವರೆಗೂ ಕಪ್ಪು ಹೋಗಿ ನುಣ್ಣಗಾಗಿತ್ತು. ಗುಂಡು ತುಂಬುವ ಉರುಟಿನ ಅಂಚುಗಳು ಹಳೆಯ ಚಮಚದ ಹಾಗೆ ಬೆಳ್ಳಗಿದ್ದವು. ಒಳಗೆ ಮಾತ್ರ ಒಂದು ಚುಕ್ಕೆ ಮಸಿಯಿಲ್ಲ. ಹನ್ನೆರಡು ವರ್ಷದಲ್ಲಿ ಒಂದು ದಿನವೂ ಅದನ್ನು ಕಟ್ಟದೆ ಮನೆ ಬಿಟ್ಟವನಲ್ಲ ಎಂಬುದಕ್ಕೆ ಬೇರೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಹೆಂಡತಿಯ ಕಡೆಯವರ ವಿಷಯದಲ್ಲಿ ಹೊಗಳಿಕೆ ಕಡಿಮೆಯಿದ್ದ ಮೇಷ್ಟ್ರು ಈ ಒಂದು ವಿಷಯದಲ್ಲಿ ಮನಸಾರೆ ಹೊಗಳುತ್ತಿದ್ದರು.

ಅಷ್ಟರಲ್ಲಿ ಪಡೆಗೆ ಹೊಸ ಸಾಹೇಬರು ಬಂದರು. ಅವರಿಗೆ ಹೊಳಪಿನ ಹುಚ್ಚು. ಬಂದ ತಿಂಗಳಲ್ಲೇ ಮೈದಾನದ ಅಂಚಿನ ಕಲ್ಲುಗಳಿಗೆ ಸುಣ್ಣ ಬಳಿಸಿದರು, ಬೆಂಕಿ ಆರಿಸುವ ಬಕೆಟ್ಟುಗಳಿಗೆ ಬಣ್ಣ ಹೊಡೆಸಿದರು. ಎಲ್ಲಿ ನಿಂತಿದ್ದರೆ ನಮಗೂ ಒಂದು ಕೈ ಬಳಿದುಬಿಡುತ್ತಾರೋ ಎಂದು ಪೇದೆಗಳು ತಮಾಷೆ ಮಾಡುತ್ತಿದ್ದರು. ವಾರ್ಷಿಕ ತಪಾಸಣೆಯಲ್ಲಿ ಸಾಹೇಬರು ಸವೆದ ರಿವಾಲ್ವರ್‌ಗಳನ್ನೆಲ್ಲ ಬೇರೆ ಇಡಿಸಿ ಒಂದೊಂದರ ಮುಂದೆಯೂ 'ನಿರ್ವಹಣೆ ಕಳಪೆ' ಎಂದು ಬರೆದರು. ಸವೆತಕ್ಕೂ ತುಕ್ಕಿಗೂ ವ್ಯತ್ಯಾಸವಿದೆ ಎಂದು ಮೇಷ್ಟ್ರು ಬಾಯಿ ತೆರೆದರು.

"ಅವರದ್ದು ಹೊಳೀತಿದೆ, ಇವರದ್ದು ಯಾಕೆ ಹೊಳೀತಿಲ್ಲ? ಅಷ್ಟು ಹೇಳಿ ಸಾಕು," ಎಂದರು ಸಾಹೇಬರು.

ಅದಕ್ಕೆ ಉತ್ತರ ಮೇಷ್ಟ್ರಿಗೆ ಗೊತ್ತಿತ್ತು, ಹೇಳುವ ಹಾಗಿರಲಿಲ್ಲ. ಹೊಳೆಯುವ ರಿವಾಲ್ವರ್‌ಗಳ ಯಜಮಾನರು ಅದನ್ನು ಬಟ್ಟೆಯಲ್ಲಿ ಸುತ್ತಿ ಮನೆಯ ಬೀರುವಿನಲ್ಲಿಟ್ಟು, ಚೀಲದೊಳಗೆ ಅದೇ ಆಕಾರದ ಮರದ ತುಂಡು ತುರುಕಿಕೊಂಡು ಡ್ಯೂಟಿಗೆ ಹೋಗುತ್ತಿದ್ದರು. ಕೋಟಿನ ಮೇಲಿಂದ ನೋಡಿದರೆ ಉಬ್ಬು ಉಬ್ಬೇ. ಇದನ್ನು ಹೇಳಿ ನಾಲ್ಕು ಮನೆಯ ಅನ್ನ ಕಳೆಯುವುದು ಯಾಕೆಂದು ಮೇಷ್ಟ್ರು ಬಾಯಿಗೆ ಬೀಗ ಹಾಕಿಕೊಂಡರು. ನನ್ನನ್ನು ಕೇಳಿದರೆ ಅಲ್ಲೇ ತಪ್ಪಿದ್ದು. ಆದರೆ ಆಗ ಯಾರು ಕೇಳಿದ್ದರು?

ಮರುವರ್ಷದ ತಪಾಸಣೆ ಹತ್ತಿರ ಬಂತು. ಎರಡನೆಯ ಸಲ 'ಕಳಪೆ' ಎಂದು ಬಿದ್ದವರನ್ನು ಗನ್‌ಮ್ಯಾನ್ ಕೆಲಸದಿಂದ ತೆಗೆದು ಗೇಟು ಕಾಯಲು ಹಾಕುವುದಾಗಿ ಆದೇಶ ಬಂದಿತ್ತು. ಬಾಮೈದ ಒಂದು ಶನಿವಾರ ಅಕ್ಕನ ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ಮುಖ ಸಪ್ಪೆ ಮಾಡಿಕೊಂಡು ಕೂತ.

"ಗೇಟ್ ಆದ್ರೇನೋ, ಬಿಸಿಲಲ್ಲಿ ಅಲೆಯೋದು ತಪ್ಪುತ್ತಲ್ಲ," ಎಂದರು ಮೇಷ್ಟ್ರು.

"ಹಂಗಲ್ಲ ಭಾವ. ಈ ಜಡ್ಜ್ ಸಾಹೇಬ್ರಿಗೆ ಮೆಟ್ಟಿಲು ಇಳಿಯೋವಾಗ ಕಣ್ಣು ಸರಿಯಾಗಿ ಕಾಣಲ್ಲ. ಎರಡು ಮೆಟ್ಟಿಲು ಹಿಂದೆ ಇದ್ದು ಕೆಮ್ಮಬೇಕು, ಆಗ ಅವರಿಗೆ ಧೈರ್ಯ. ಹೊಸಬನಿಗೆ ಅದೆಲ್ಲ ಎಲ್ಲಿ ಗೊತ್ತಾಗುತ್ತೆ?"

ಒಳಗಿನಿಂದ ಅಕ್ಕ ಸೌಟು ಹಿಡಿದೇ ಹೊರಗೆ ಬಂದರು. "ರೀ, ಊರಿನವರ ಬಂದೂಕಿಗೆಲ್ಲ ಎಣ್ಣೆ ಹಚ್ಚಿ ಕೂರ್ತೀರಿ. ನನ್ನ ತಮ್ಮಂದು ಒಂದಕ್ಕೆ ಕಪ್ಪು ಹಾಕೋಕೆ ನಿಮ್ಮ ಕೈ ನೋಯುತ್ತಾ?"

ರಿವಾಲ್ವರ್‌ಗೆ ಹೊಸದಾಗಿ ಕಪ್ಪು ಹಾಕುವುದು ಈಗ ಆರ್ಮರಿಯಲ್ಲಿ ಮಾಡುವ ಕೆಲಸವಲ್ಲ. ಅರ್ಜಿ ಬರೆದು ದೊಡ್ಡ ಕಾರ್ಖಾನೆಗೆ ಕಳಿಸಬೇಕು, ಅದು ಹೋಗಿ ಬರುವಷ್ಟರಲ್ಲಿ ಎರಡು ತಪಾಸಣೆ ಮುಗಿದಿರುತ್ತವೆ. ಆದರೆ ಮೇಷ್ಟ್ರು ಅದರಲ್ಲಿ ಎತ್ತಿದ ಕೈ. ಆರ್ಮರಿಯ ಹಿಂದಿನ ಸಣ್ಣ ಕೋಣೆಯಲ್ಲಿ ಕಬ್ಬಿಣ ಕುದಿಸಿ ಕಪ್ಪು ಹಿಡಿಸುವ ಹಳೆಯ ಕಾಲದ ಕ್ಷಾರದ ತೊಟ್ಟಿಯೂ ಇತ್ತು. ಮರುದಿನ ಭಾನುವಾರ ಬೆಳಿಗ್ಗೆ ಅವರು ಒಬ್ಬರೇ ಹೋಗಿ ಬಾಗಿಲು ಹಾಕಿಕೊಂಡರು. ರಿವಾಲ್ವರನ್ನು ತುಂಡು ತುಂಡು ಬಿಚ್ಚಿದರು. ಎಮರಿ ಕಾಗದವನ್ನು ಮರದ ಪಟ್ಟಿಗೆ ಸುತ್ತಿ, ಮೂಲೆಗಳು ಮೊಂಡಾಗದಂತೆ, ಕೊರೆದ ನಂಬರು ಮಾಸದಂತೆ, ಉಸಿರು ಬಿಗಿಹಿಡಿದು ಉಜ್ಜಿದರು. ತೊಳೆದರು, ಕುದಿಯುವ ತೊಟ್ಟಿಗೆ ಇಳಿಬಿಟ್ಟರು, ತೆಗೆದು ನೋಡಿದರು, ಮನಸ್ಸಿಗೆ ಬರಲಿಲ್ಲವೆಂದು ಮತ್ತೆ ಇಳಿಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಅದು ಕಾರ್ಖಾನೆಯಿಂದ ಆಗತಾನೆ ಬಂದ ಹಾಗೆ ಕಪ್ಪುನೀಲಿಯಾಗಿ ಮಿನುಗುತ್ತ ಮೇಜಿನ ಮೇಲಿತ್ತು. ಇಪ್ಪತ್ತೊಂಬತ್ತು ವರ್ಷದಲ್ಲಿ ಅಷ್ಟು ಚೆಂದದ ಕೆಲಸ ಅವರ ಕೈಯಿಂದ ಆಗಿರಲಿಲ್ಲ. ರಿಜಿಸ್ಟರಿನಲ್ಲಿ ಒಂದಕ್ಷರ ಬರೆಯಲಿಲ್ಲ. ಬರೆಯುವ ಹಾಗೂ ಇರಲಿಲ್ಲ.

ಬಾಮೈದ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. "ಇದು ನಂದೇನಾ ಭಾವ?" ಎಂದು ಬೆಪ್ಪಾಗಿ ಕೇಳಿದ. ಮೇಷ್ಟ್ರಿಗೆ ಆ ದಿನ ಊಟ ಎರಡು ತುತ್ತು ಹೆಚ್ಚೇ ಸೇರಿತು.

ಅದಾಗಿ ಒಂಬತ್ತನೆಯ ದಿನ, ಮಂಗಳವಾರ, ಕೋರ್ಟಿನ ಮೆಟ್ಟಿಲ ಮೇಲೆ ಕೇಸು ಸೋತವನೊಬ್ಬ ಜಡ್ಜ್ ಸಾಹೇಬರ ಮೇಲೆ ಚಾಕು ಹಿಡಿದು ಬಿದ್ದ. ಸಂಜೆಯ ಹೊತ್ತು, ಮೆಟ್ಟಿಲ ತುಂಬ ಜನ. ಬಾಮೈದ ಎರಡು ಮೆಟ್ಟಿಲು ಹಿಂದಿದ್ದ. ಅವನ ಕೈ ಕೋಟಿನೊಳಗೆ ಹೋಯಿತು, ಬರಿಗೈ ಹೊರಗೆ ಬಂತು, ಆಮೇಲೆ ಅದೇ ಬರಿಗೈಯಲ್ಲಿ ಚಾಕುವಿನ ಅಲಗು ಹಿಡಿದುಕೊಂಡ. ಅಂಗೈ ಸೀಳಿತು. ಆದರೆ ಅಷ್ಟರಲ್ಲಿ ಸಾಹೇಬರಿಗೆ ಎರಡು ಏಟು ಬಿದ್ದಾಗಿತ್ತು. ಅವರನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದವನೂ ಇವನೇ. ಆಮೇಲೆ ಮನೆಗೆ ಹೋಗಿ ರಕ್ತದ ಬಟ್ಟೆ ಬದಲಿಸಿ, ಕೈಗೆ ಪಟ್ಟಿ ಕಟ್ಟಿಕೊಂಡು ಬಂದು ನಿಯಮದ ಪ್ರಕಾರ ರಿವಾಲ್ವರ್ ಒಪ್ಪಿಸಿದ. ಮೂರನೆಯ ದಿನ ಜಡ್ಜ್ ಸಾಹೇಬರು ತೀರಿಕೊಂಡರು.

ಆಗ ಎದ್ದದ್ದು ಒಂದೇ ಪ್ರಶ್ನೆ: ಗನ್‌ಮ್ಯಾನ್ ಸೊಂಟದಲ್ಲಿ ಅವತ್ತು ರಿವಾಲ್ವರ್ ಇತ್ತೋ ಇಲ್ಲವೋ?

ಇತ್ತು, ಅಡ್ಡ ಜನ ಇದ್ದರು, ಅದಕ್ಕೆ ತೆಗೆಯಲಿಲ್ಲ ಎಂದು ಬಾಮೈದ ಹೇಳಿಕೆ ಕೊಟ್ಟ. ವಿಚಾರಣೆಗೆ ಬಂದ ಮೇಡಂ ಚುರುಕಿನವರು, ಹಿಂದೆ ಮೇಷ್ಟ್ರ ತರಗತಿಯಲ್ಲೇ ಕೂತಿದ್ದವರು. ಅವರು ಪಡೆಯ ಒಂಬತ್ತು ಗನ್‌ಮ್ಯಾನ್‌ಗಳ ರಿವಾಲ್ವರ್ ತರಿಸಿ ಮೇಜಿನ ಮೇಲೆ ಸಾಲಾಗಿ ಇಡಿಸಿದರು. ನಾಲ್ಕು ಸವೆದಿದ್ದವು, ಐದು ಹೊಳೆಯುತ್ತಿದ್ದವು. ಹೊಳೆಯುವ ರಿವಾಲ್ವರಿನವರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದರು. ನಾಲ್ವರು ಬೆವರೊರೆಸಿಕೊಳ್ಳುತ್ತ ಮರದ ತುಂಡಿನ ಕತೆ ಒಪ್ಪಿಕೊಂಡರು. ಐದನೆಯದು ಬಾಮೈದನದು.

"ಮೇಷ್ಟ್ರೇ, ಹೊತ್ತದ್ದು ಸವೆಯುತ್ತೆ ಅಂತ ನನಗೆ ಹೇಳಿಕೊಟ್ಟವರು ನೀವೇ," ಎಂದರು ಮೇಡಂ. ದನಿಯಲ್ಲಿ ಗೌರವವೇ ಇತ್ತು. "ಇದನ್ನ ಹನ್ನೆರಡು ವರ್ಷ ಹೊತ್ತಿದ್ದಾರೆ ಅಂತ ಹೇಳ್ತೀರಾ?"

ಮೇಷ್ಟ್ರು ಹೇಳಿದರು. ಕೆಲಸ ಹೋದರೆ ಹೋಗಲಿ ಎಂದು ಎಲ್ಲ ಹೇಳಿದರು. ಭಾನುವಾರ, ತೊಟ್ಟಿ, ಎಮರಿ ಕಾಗದ, ಬಾಗಿಲು ಹಾಕಿಕೊಂಡದ್ದು. ಹೋದ ವರ್ಷದ ತಪಾಸಣೆಯ ಪಟ್ಟಿ ತೋರಿಸಿದರೆ ಅಲ್ಲಿ 'ಕಳಪೆ' ಎಂದಷ್ಟೇ ಇತ್ತು, ಸವೆತವೋ ತುಕ್ಕೋ ಎಂದಿರಲಿಲ್ಲ.

"ರಿಜಿಸ್ಟರಲ್ಲಿ ಬರೆದಿದ್ದೀರಾ?"

"ಇಲ್ಲ ಮೇಡಂ."

"ಯಾರಾದ್ರೂ ನೋಡಿದ್ದಾರಾ?"

"ಇಲ್ಲ. ನನ್ನ ಹೆಂಡತಿಗೆ ಗೊತ್ತು."

"ಅವರು ಇವರ ಸ್ವಂತ ಅಕ್ಕ, ಅಲ್ವಾ?" ಮೇಡಂ ಪೆನ್ನು ಕೆಳಗಿಟ್ಟರು. "ಸರಿ, ಅದೂ ಇರಲಿ. ಒಂಬತ್ತು ದಿನ ಹೊತ್ತಿದ್ರೂ ತುದೀಲಿ ಒಂದು ಗೆರೆಯಾದ್ರೂ ಬೀಳಬೇಕಿತ್ತಲ್ಲ?"

"ನನ್ನ ಕಪ್ಪು ಗಟ್ಟಿ ಮೇಡಂ. ಒಂಬತ್ತು ದಿನಕ್ಕೆಲ್ಲ ಜಗ್ಗಲ್ಲ." ಅಂಥ ಹೊತ್ತಿನಲ್ಲೂ ಆ ಮಾತಿನೊಳಗೆ ಒಂದು ಎಳೆ ಹೆಮ್ಮೆ ನುಸುಳಿತು. ಮನುಷ್ಯನ ಸ್ವಭಾವ, ಏನು ಮಾಡುವುದು.

ಮೇಡಂ ಒಂದು ಭೂತಗನ್ನಡಿ ತರಿಸಿ ಅವರ ಮುಂದಿಟ್ಟರು. "ಹೊಸದಾಗಿ ಬಣ್ಣ ಹಾಕಿದ್ರೆ ಎಲ್ಲಾದ್ರೂ ಗುರುತು ಉಳಿದಿರುತ್ತೆ. ಅದೂ ನೀವೇ ಹೇಳಿಕೊಟ್ಟಿದ್ದು. ಮೊಂಡಾದ ಮೂಲೆ, ಮಾಸಿದ ನಂಬರು, ಉಜ್ಜಿದ ಗೆರೆ. ಒಂದೇ ಒಂದು ತೋರಿಸಿ. ನಾನು ಬರ್ಕೋತೀನಿ."

ಮೇಷ್ಟ್ರು ರಿವಾಲ್ವರ್ ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು ಹುಡುಕತೊಡಗಿದರು. ನಂಬರಿನ ಅಂಚುಗಳು ಚೂಪಾಗಿಯೇ ಇದ್ದವು. ಮೂಲೆಗಳು ಮೂಲೆಗಳಾಗಿಯೇ ಇದ್ದವು. ಹಿಡಿಯ ಕೆಳಗೆ, ತಿರುಪಿನ ತೂತಿನ ಬಾಯಲ್ಲಿ, ಗುಂಡಿಗೆ ಬಡಿಯುವ ಕುದುರೆಯ ಹಿಂಬದಿಯಲ್ಲಿ, ಎಲ್ಲಿ ಅರೆಮನಸ್ಸಿನ ಕೆಲಸಗಾರ ಸೋಲುತ್ತಾನೋ ಅಲ್ಲೆಲ್ಲ ನೋಡಿದರು. ಇಷ್ಟು ವರ್ಷ ಬೇರೆಯವರ ಕೆಲಸದಲ್ಲಿ ಹತ್ತು ತಪ್ಪು ಹೆಕ್ಕಿ ತೋರಿಸಿ ಮೂಗು ಮುರಿದ ಮನುಷ್ಯ, ತನ್ನ ಕೆಲಸದಲ್ಲಿ ಒಂದು ತಪ್ಪಿಗಾಗಿ ಎರಡು ಗಂಟೆ ಹುಡುಕಿದರು. ಒಂದೂ ಇರಲಿಲ್ಲ. ಗೋಡೆಗೊರಗಿ ನಿಂತಿದ್ದ ಬಾಮೈದ ನೆಲ ನೋಡುತ್ತಿದ್ದ. ಕೊನೆಗೆ ಮೇಷ್ಟ್ರು ಭೂತಗನ್ನಡಿ ಕೆಳಗಿಟ್ಟು, ಎಣ್ಣೆಗೈಯಲ್ಲೇ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತರು. ಮೇಡಂ ನೀರು ತರಿಸಿಕೊಟ್ಟರು. ಅವರು ಕೆಟ್ಟವರಲ್ಲ, ಕಂಡದ್ದನ್ನು ಬರೆಯುವವರು.

ಬಾಮೈದನನ್ನು ಕೆಲಸದಿಂದ ತೆಗೆದುಹಾಕಿದರು. ಮೇಷ್ಟ್ರಿಗೆ ಏನೂ ಆಗಲಿಲ್ಲ. ಅವರ ಮಾತನ್ನು ನಂಬಿದ್ದರೆ ಅವರ ಕೆಲಸವೂ ಹೋಗುತ್ತಿತ್ತು. ಬಾಮೈದನನ್ನು ಉಳಿಸಲು ಭಾವ ಕಟ್ಟಿದ ಕತೆ ಎಂದುಕೊಂಡದ್ದರಿಂದ ಮೇಲಿನವರು ಹೊಟ್ಟೆಗೆ ಹಾಕಿಕೊಂಡರು. ಹೊಸ ಸಾಹೇಬರು ಬೆನ್ನು ತಟ್ಟಿ, "ನಿಮ್ಮ ವಯಸ್ಸಿಗೆ ಇದೆಲ್ಲ ಬೇಕಾ ಮೇಷ್ಟ್ರೇ?" ಎಂದು ಬುದ್ಧಿ ಹೇಳಿದರು. ಮೇಷ್ಟ್ರ ಪಿತ್ತ ನೆತ್ತಿಗೇರಿತು. ನುಂಗಿಕೊಂಡು ಬಂದರು.

ಮನೆಯಲ್ಲಿ ಹೆಂಡತಿ ಮಾತು ಬಿಟ್ಟರು. ತಟ್ಟೆ ಇಡುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು, ಮಾತಿಲ್ಲ. ಒಂದು ದಿನ ಮಾತ್ರ, ಬೆನ್ನು ತಿರುಗಿಸಿಕೊಂಡೇ, "ಅಷ್ಟು ಚೆನ್ನಾಗಿ ಮಾಡೋಕೆ ಯಾರು ಹೇಳಿದ್ರು ನಿಮಗೆ? ಸ್ವಲ್ಪ ಕೆಟ್ಟದಾಗಿ ಮಾಡಿದ್ರೆ ನನ್ನ ತಮ್ಮ ಉಳ್ಕೋತಿದ್ದ," ಎಂದರು. ಕಪ್ಪು ಹಾಕಿಕೊಡಿ ಎಂದು ಸೌಟು ಹಿಡಿದು ಬಂದದ್ದು ಅವರೇ ಎಂಬುದನ್ನು ಮೇಷ್ಟ್ರು ನೆನಪಿಸಲಿಲ್ಲ. ಆ ನೆನಪು ಆಕೆಗೂ ಇತ್ತು, ಅದಕ್ಕೇ ಅಷ್ಟು ಸಿಟ್ಟು.

ಬಾಮೈದ ಈಗ ಅಕ್ಕನ ಮನೆಯಲ್ಲೇ ಇದ್ದ. ಬೀದಿಗೆ ಇಳಿದರೆ ಜನ ಮರದ ತುಂಡಿನ ಮಾತಾಡುತ್ತಿದ್ದರು. ಜಡ್ಜ್ ಸಾಹೇಬರ ಮನೆಗೆ ಹೋಗಿ ಗೇಟಿನ ಹೊರಗೆ ಅರ್ಧ ಗಂಟೆ ನಿಂತು, ಒಳಗೆ ಹೋಗದೆ ಬಂದನಂತೆ. ಆಮೇಲೆ ಹಿತ್ತಲ ಮೆಟ್ಟಿಲೇ ಅವನ ಜಾಗವಾಯಿತು. ಹೊಲಿಗೆ ಬಿಚ್ಚಿದ ಮೇಲೆ ಅಂಗೈ ಪೂರ್ತಿ ಮಡಚುತ್ತಿರಲಿಲ್ಲ.

ಮೇಷ್ಟ್ರು ಸುಮ್ಮನೆ ಕೂರಲಿಲ್ಲ. ರಜೆ ಹಾಕಿ, ಎರಡು ಬಸ್ಸು ಬದಲಿಸಿ, ಲೋಹ ಪರೀಕ್ಷಿಸುವ ಸರ್ಕಾರಿ ಲ್ಯಾಬಿಗೆ ಹೋದರು. ಒಮ್ಮೆಯಲ್ಲ, ನಾಲ್ಕು ಸಲ. ಮೂರು ಸಲ ಕಾವಲಿನವನೇ ವಾಪಸು ಕಳಿಸಿದ. ನಾಲ್ಕನೆಯ ಸಲ ಒಬ್ಬ ವಯಸ್ಸಾದ ಪರೀಕ್ಷಕರು ಕೂರಿಸಿ ಕೇಳಿದರು. ಕಣ್ಣಿಗೆ ಕಾಣದಿದ್ದರೇನಂತೆ, ಎಂದರು ಅವರು. ಕಾರ್ಖಾನೆಯ ತೊಟ್ಟಿಯ ಕಪ್ಪು ಬೇರೆ, ನಿಮ್ಮ ತೊಟ್ಟಿಯ ಕಪ್ಪು ಬೇರೆ. ಉಗುರಿನಷ್ಟು ಜಾಗದ ಪದರ ತೆಗೆದು ಯಂತ್ರದಲ್ಲಿಟ್ಟರೆ ಗೊತ್ತಾಗಿಯೇ ಆಗುತ್ತದೆ. ಕೆಲಸ ಕಳೆದುಕೊಂಡವರು ಮೇಲ್ಮನವಿ ಹಾಕಿ ಪರೀಕ್ಷೆ ಕೇಳಲಿ, ನಾವು ಮಾಡಿಕೊಡುತ್ತೇವೆ.

ಮೇಷ್ಟ್ರು ಆ ದಿನ ಬಸ್ಸಿನಲ್ಲಿ ಕೂತು ತಮ್ಮಷ್ಟಕ್ಕೆ ನಕ್ಕರು. ಪಕ್ಕದವನು ಒಮ್ಮೆ ಸರಿದು ಕೂತ. ಮನೆಗೆ ಬಂದವರೇ ಹೆಂಡತಿಗೆ ಸುದ್ದಿ ಹೇಳಿದರು. ಎಷ್ಟೋ ತಿಂಗಳ ಮೇಲೆ ಆಕೆಯ ಮುಖ ಅರಳಿತು. "ಕಾಫಿ ಮಾಡ್ತೀನಿ ಇರಿ. ನೀವೇ ಹೇಳಿ ಅವನಿಗೆ," ಎಂದು, ಅರ್ಜಿಯ ಹಾಳೆ ಹುಡುಕಲು ಒಳಗೆ ಓಡಿದರು.

ಬಾಮೈದ ಹಿತ್ತಲ ಮೆಟ್ಟಿಲ ಮೇಲಿದ್ದ. ಮೇಷ್ಟ್ರು ಪಕ್ಕದಲ್ಲಿ ಕೂತು ಎಲ್ಲ ಹೇಳಿದರು. ಅವನು ಕೊನೆಯವರೆಗೂ ಕೇಳಿದ. ಆಮೇಲೆ ಹೇಳಿದ:

"ಬೇಡ ಭಾವ."

"ಏನು ಬೇಡ? ಸಾಕ್ಷಿ ಸಿಕ್ತು ಕಣೋ! ಹನ್ನೆರಡು ವರ್ಷ ನೀನು ಹೊತ್ತಿದ್ದಕ್ಕೆ ಸಾಕ್ಷಿ!"

"ಹನ್ನೆರಡು ವರ್ಷ ಹೊತ್ತಿದ್ದೆ. ಅವತ್ತು ಹೊತ್ತಿರಲಿಲ್ಲ."

ಮೇಷ್ಟ್ರಿಗೆ ಮೊದಲು ಅರ್ಥವೇ ಆಗಲಿಲ್ಲ.

"ನೀವು ಕೊಟ್ಟ ದಿನ ಮನೆಗೆ ಹೋಗಿ ಒಂದ್ಸಲ ಚೀಲಕ್ಕೆ ಹಾಕಿ ತೆಗೆದೆ," ಎಂದ ಬಾಮೈದ. ಅವನ ಕಣ್ಣು ಮಡಚದ ಅಂಗೈ ಮೇಲಿತ್ತು. "ತುದೀಲಿ ಗೀರು ಬಿತ್ತೇನೋ ಅನ್ನಿಸಿತು. ಬೆಳಕಿಗೆ ಹಿಡಿದು ನೋಡಿದೆ, ಬಿದ್ದಿರಲಿಲ್ಲ. ಆದ್ರೂ ಮನಸ್ಸು ತಡೀಲಿಲ್ಲ. ತಪಾಸಣೆ ಒಂದು ಮುಗೀಲಿ ಅಂತ ಬಟ್ಟೆ ಸುತ್ತಿ ಬೀರುವಿನಲ್ಲಿಟ್ಟೆ. ಚೀಲಕ್ಕೆ ಟವಲ್ ಮಡಚಿ ತುಂಬಿದೆ. ಅಷ್ಟು ಚೆನ್ನಾಗಿತ್ತು ಭಾವ. ನೀವು ಅಷ್ಟು ಚೆನ್ನಾಗಿ ಮಾಡಿದ್ರಿ."

"ಮತ್ತೆ... ಮೆಟ್ಟಿಲ ಮೇಲೆ..."

"ಅಭ್ಯಾಸದಲ್ಲಿ ಕೈ ಹೋಯ್ತು. ಟವಲ್ ಸಿಕ್ತು."

"ಮೊದಲೇ ಯಾಕೋ ಹೇಳ್ಲಿಲ್ಲ ನನಗೆ?"

"ಹೇಳೋಣ ಅಂತಲೇ ಇದ್ದೆ. ವಿಚಾರಣೇಲಿ ನೀವು ಭೂತಗನ್ನಡಿ ಹಿಡಿದು ಹುಡುಕ್ತಾ ಇದ್ರಿ. ಆಮೇಲೆ ಅತ್ತುಬಿಟ್ರಿ. ಹೆಂಗೆ ಹೇಳ್ಲಿ?"

ಲ್ಯಾಬಿನವರು ಪರೀಕ್ಷೆ ಮಾಡಿದರೆ ಮೇಷ್ಟ್ರು ಹೇಳಿದ್ದು ನಿಜವೆಂದೇ ಬರುತ್ತದೆ. ಬಾಮೈದನಿಗೆ ಕೆಲಸವೂ ಸಿಗಬಹುದು. ಸತ್ತವರು ಸತ್ತೇ ಇರುತ್ತಾರೆ. ಇವನು ಮತ್ತೆ ಇನ್ನೊಬ್ಬರ ಹಿಂದೆ ಎರಡು ಮೆಟ್ಟಿಲು ಬಿಟ್ಟು ನಡೆಯಬೇಕು, ಯಾವ ಮುಖ ಹೊತ್ತು? ಮೇಲ್ಮನವಿ ಹಾಕು ಎನ್ನಲೂ ಮೇಷ್ಟ್ರಿಗೆ ಬಾಯಿ ಬರಲಿಲ್ಲ, ಬೇಡ ಎನ್ನಲೂ ಬರಲಿಲ್ಲ. ಅವನನ್ನು ಬೈಯೋಣವೆಂದರೆ ಬೈಗುಳವೆಲ್ಲ ತಿರುಗಿ ತಮ್ಮ ಮೈಮೇಲೇ ಬರುತ್ತಿತ್ತು.

ಹೆಂಡತಿ ಕಾಫಿಯ ಲೋಟಗಳ ಜೊತೆ ಅರ್ಜಿಯ ಹಾಳೆ, ಪೆನ್ನು ಹಿಡಿದು ಬಂದರು. "ಸಹಿ ಹಾಕೋ, ನಾಳೆಯೇ ಕೊಟ್ಟು ಬರ್ತಾರೆ ನಿಮ್ಮ ಭಾವ," ಎಂದರು. ಬಾಮೈದ ಕೈ ಚಾಚಲಿಲ್ಲ. ಆಕೆ ಒಬ್ಬರ ಮುಖ ನೋಡಿದರು, ಇನ್ನೊಬ್ಬರ ಮುಖ ನೋಡಿದರು. "ಯಾಕೆ ಇಬ್ರೂ ಹಿಂಗೆ ಕೂತಿದ್ದೀರಿ? ಯಾರಿಗೆ ಹೆದರಬೇಕು ನಾವು? ರೀ, ನೀವೇ ಹೇಳಿ, ಅದನ್ನ ಕಟ್ಟದೆ ಒಂದು ದಿನ ಮನೆ ಬಿಟ್ಟಿದ್ನಾ ನನ್ನ ತಮ್ಮ?"

"ಬಿಟ್ಟಿರಲಿಲ್ಲ ಕಣೆ," ಎಂದರು ಮೇಷ್ಟ್ರು. "ನಾನು ಕೈ ಹಾಕೋವರೆಗೂ ಒಂದು ದಿನ ಬಿಟ್ಟಿರಲಿಲ್ಲ."